ಆಸ್ಪತ್ರೆಯ ಕಿಟಕಿಗಳಿಗೆ ಹೂವು ಬೆಳೆದದ್ದು

ನಾನು ಬಿತ್ತಿದ ಮೊದಲ ನಿಕೋಟಿಯಾನ ಬೀಜಗಳಲ್ಲಿ ಒಂದೂ ಮೊಳೆಯಲಿಲ್ಲ. ಹದಿನೈದು ದಿನ ಬೆಳಿಗ್ಗೆ ಸಂಜೆ ಬಗ್ಗಿ ಬಗ್ಗಿ ನೋಡಿದೆ. ಹದಿನಾರನೆಯ ದಿನ ಆಸ್ಪತ್ರೆ ತೋಟದ ರಜಾಕ್ ಮೇಸ್ತ್ರಿ ಬಂದು, ಬೀಜದ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು, ತೋರುಬೆರಳಿನಿಂದ ಮೇಲಿನ ಮಣ್ಣನ್ನು ಕೆದಕಿದರು.

"ಏನಮ್ಮಾ ಸಾವಿತ್ರಿ, ಗೋರಿ ಕಟ್ದಂಗೆ ಮಣ್ಣು ಮುಚ್ಚಿದೀಯಲ್ಲ! ಇದೇನು ಹುರುಳಿಕಾಯಿ ಬೀಜಾನಾ?"

ನಿಕೋಟಿಯಾನ ಅಂದರೆ ಹೊಗೆಸೊಪ್ಪಿನ ಜಾತಿಗೆ ಸೇರಿದ ಒಂದು ಹೂವಿನ ಗಿಡ. ಸೊಂಟದೆತ್ತರ ಬೆಳೆಯುತ್ತದೆ. ಉದ್ದ ಕೊಳವೆಯ ಬಿಳಿ ಹೂವು. ಹಗಲೆಲ್ಲ ಮುದುಡಿಕೊಂಡು ಏನೂ ಗೊತ್ತಿಲ್ಲದ ಹಾಗೆ ನಿಂತಿರುತ್ತದೆ. ಬಿಸಿಲು ಇಳಿದ ಮೇಲೆ ಅರಳಿ ಇಡೀ ಅಂಗಳಕ್ಕೆ ಘಮ ಬೀರುತ್ತದೆ. ಅದರ ಬೀಜ ನಶ್ಯದ ಪುಡಿಗಿಂತ ಸಣ್ಣದು. ಅದಕ್ಕೆ ಬೆಳಕು ಬೇಕು. ಮಣ್ಣಿನ ಮೇಲೆ ಉದುರಿಸಿ, ಮರದ ತುಂಡಿನಿಂದ ಮೆಲ್ಲಗೆ ಒತ್ತಿ ಬಿಟ್ಟುಬಿಡಬೇಕು. ನಾನು ಹೊರಮಾವಿನವಳು. ನಮ್ಮ ಮನೆಯಲ್ಲಿ ರಾಗಿ, ಸೊಪ್ಪು, ಅವರೆ ಬೆಳೆದವರು. ಬೀಜ ಅಂದರೆ ಮಣ್ಣೊಳಗೆ ಹೋಗಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಮದುವೆಯಾಗಿ ಜೋಗುಪಾಳ್ಯಕ್ಕೆ ಬಂದ ಮೇಲೆ ಹಲಸೂರಿನ ಹತ್ತಿರದ ಒಂದು ಧರ್ಮಾಸ್ಪತ್ರೆಯಲ್ಲಿ ತೋಟದ ಕೆಲಸಕ್ಕೆ ಸೇರಿದೆ. ಎಸ್ಎಸ್ಎಲ್‌ಸಿ ಪಾಸಾದವಳು ಗುದ್ದಲಿ ಹಿಡಿಯೋದಾ ಎಂದು ನಮ್ಮತ್ತೆಗೆ ಬೇಜಾರು. ಮೂವತ್ತೊಂದು ವರ್ಷ ಅಲ್ಲೇ ಇದ್ದೆ. ಈಚೆಗೆ ಅಲ್ಲಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಫೋನು ಮಾಡಿ ಒಂದೊಂದೇ ಕೇಳುತ್ತಿರುತ್ತಾರೆ: ಆಂಟಿ, ಇದು ಯಾಕೆ ಬಾಡ್ತು, ಅದು ಯಾಕೆ ಬರ್ಲಿಲ್ಲ. ಫೋನಿನಲ್ಲಿ ಎಷ್ಟು ಹೇಳಲಿ? ಅದಕ್ಕೇ ಬರೆಯಲು ಕೂತೆ. ಕೆಲಸದಲ್ಲಿ ನಾನು ಹೇಗೆ ಮೇಲೆ ಬಂದೆ ಎಂಬುದು ಅವರಿಗೆ ಉಪಯೋಗಕ್ಕೆ ಬರುವುದಿಲ್ಲ. ಎಲ್ಲಿ ಎಡವಿದೆ ಎಂಬುದು ಬರಬಹುದು.

ರಜಾಕ್ ಮೇಸ್ತ್ರಿ ಶಿವಾಜಿನಗರದವರು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಗಿಡಗಳ ಜೊತೆ ಎರಡೂ. ನನ್ನ ಗೋರಿ ಕಟ್ಟಿದ ಬಟ್ಟಲನ್ನು ಅವರು ಎಸೆಯಲಿಲ್ಲ. ಮಣ್ಣನ್ನು ಜರಡಿ ಹಿಡಿದು, ಮರಳು, ಎಲೆಗೊಬ್ಬರ ಬೆರೆಸಿ, ಮತ್ತೆ ತುಂಬಿಸಿ, "ಈಗ ಉಪ್ಪು ಉದುರಿಸ್ದಂಗೆ ಉದುರಿಸು" ಎಂದು ಒಂದು ಚಿಟಿಕೆ ಬೀಜವನ್ನು ಸಣ್ಣ ಮರಳಿನಲ್ಲಿ ಕಲಸಿ ಕೊಟ್ಟರು. ಮೇಲಿಂದ ನೀರು ಹಾಕಿದರೆ ಬೀಜ ಕೊಚ್ಚಿಕೊಂಡು ಮೂಲೆಗೆ ಹೋಗುತ್ತದೆ. ಅದಕ್ಕೆ ಬಟ್ಟಲನ್ನೇ ನೀರಿನ ಬೋಗುಣಿಯಲ್ಲಿ ಕೂರಿಸಿ, ಮೇಲಿನ ಮಣ್ಣು ಕಪ್ಪಾಗುವವರೆಗೆ ಕಾದು ತೆಗೆಯಬೇಕು. ಇದನ್ನು ಅವರು ಮಾಡಿ ತೋರಿಸಿದರು. ಮಣ್ಣು ಕೆಳಗಿನಿಂದ ನೀರು ಕುಡಿದು ಮೇಲಕ್ಕೆ ಬಣ್ಣ ಬದಲಿಸುತ್ತಾ ಬರುವುದನ್ನು ಇಬ್ಬರೂ ಕೂತು ನೋಡಿದೆವು.

ಆ ಸಲ ಮೊಳಕೆ ಬಂತು. ಹಸಿರು ಮಖಮಲ್ಲಿನ ಬಟ್ಟೆ ಹಾಸಿದ ಹಾಗೆ. ನನ್ನ ಸಂತೋಷ ಹೇಳತೀರದು. ಆ ಸಂತೋಷದಲ್ಲಿ ದಿನಕ್ಕೆ ಮೂರು ಸಲ ನೀರು ಕುಡಿಸಿದೆ. ಸೋಮವಾರ ನಿಂತಿದ್ದ ಸಸಿಗಳು ಬುಧವಾರ ಬೆಳಿಗ್ಗೆ ಮಲಗಿದ್ದವು. ಕತ್ತಿನ ಹತ್ತಿರ ದಾರದಷ್ಟು ಸಣ್ಣಗೆ ಕೊಳೆತು, ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಮೇಸ್ತ್ರಿ ಬೈಯುತ್ತಾರೆ ಎಂದುಕೊಂಡೆ. ಅವರು ಬಟ್ಟಲು ನೋಡಿ, ನನ್ನ ಮುಖ ನೋಡಿ, "ಪ್ಯಾರ್ ಜಾಸ್ತಿ ಆಯ್ತು" ಎಂದು ಚಹಾ ಕುಡಿಯಲು ಹೋದರು. ಮೂರನೆಯ ಸಲ ಬಿತ್ತಿದಾಗಲೇ ನನಗೆ ಸಸಿ ದಕ್ಕಿದ್ದು. ಅವರು ನಿವೃತ್ತರಾಗುವ ತನಕ ಎಂಟು ವರ್ಷ ಅವರ ಕೈಕೆಳಗೆ ದುಡಿದೆ. ಈಗ ಅವರಿಲ್ಲ. ಇಂದಿಗೂ ಬಟ್ಟಲಿಗೆ ಮಣ್ಣು ತುಂಬುವಾಗ ಅವರ ಕೈ ಕಣ್ಣಿಗೆ ಕಟ್ಟುತ್ತದೆ.

ಆಸ್ಪತ್ರೆಯಲ್ಲಿ ಘಮದ ಹೂವೇ ಯಾಕೆ ಎಂದು ನೀವು ಕೇಳಬಹುದು. ಅದು ಮೇಟ್ರನ್ ಫಿಲೋಮಿನಾ ಅವರ ಹಟ. ನಾನು ಸೇರಿದಾಗ ಅವರಿನ್ನೂ ವಾರ್ಡ್ ಸಿಸ್ಟರ್. ಬೆನ್ಸನ್ ಟೌನಿನ ತಮಿಳು ಕ್ರಿಶ್ಚಿಯನ್ ಮನೆಯವರು. ಒಂದು ದಿನ ನಾನು ವಾಸನೆಯಿಲ್ಲದ ಕೆಂಪು ಹೂವಿನ ಸಾಲ್ವಿಯಾ ಗಿಡಗಳನ್ನು ಸಾಲಾಗಿ ನೆಟ್ಟು ಹೆಮ್ಮೆಯಿಂದ ನಿಂತಿದ್ದಾಗ ಬಂದು ಕೇಳಿದರು.

"ಸಾವಿತ್ರಿ, ಇದು ಯಾರು ನೋಡೋದು?"

"ಪೇಷಂಟ್‌ಗಳು, ಸಿಸ್ಟರ್."

"ಎಪ್ಪಡಿ? ಎದ್ದು ಕೂರೋಕೇ ಆಗಲ್ಲ ಅವರಿಗೆ. ಕಿಟಕಿಯಿಂದ ಬಗ್ಗಿ ನೋಡ್ತಾರಾ? ವಾಸನೆ ಇರೋದು ಹಾಕು. ಅದು ತಾನಾಗೇ ಒಳಗೆ ಬರುತ್ತೆ."

ಆ ಮಾತು ನನ್ನ ಕೆಲಸವನ್ನೇ ಬದಲಾಯಿಸಿತು. ಅಂದಿನಿಂದ ಬೇಸಿಗೆಗೆ ಯಾವ ಬೀಜ ಬಿತ್ತಬೇಕು ಎಂಬುದನ್ನು ಮೂಗಿನಿಂದ ಲೆಕ್ಕ ಹಾಕಿದೆ. ಕ್ರಿಸ್‌ಮಸ್ ಹೊತ್ತಿಗೆ ನಿಕೋಟಿಯಾನ ಬಿತ್ತಿದರೆ ಮಾರ್ಚ್ ಕೊನೆಗೆ ಹೂವು. ಸಂಜೆಮಲ್ಲಿಗೆಗೆ ಬಟ್ಟಲೇ ಬೇಡ. ಮೆಣಸಿನ ಕಾಳಿನಂಥ ಬೀಜವನ್ನು ರಾತ್ರಿ ನೆನೆಹಾಕಿ ನೇರ ಪಾತಿಗೆ ಊರಬಹುದು. ಕಣ್ಣಿನ ವಾರ್ಡಿನ ಮುಂದೆ ಈ ಎರಡನ್ನೂ ಒತ್ತಾಗಿ ಹಾಕಿದೆವು. ಪೊರೆ ತೆಗೆಸಿಕೊಳ್ಳಲು ಕೆ.ಆರ್. ಪುರಂ ಕಡೆಯ ಹಳ್ಳಿಗಳಿಂದ ಬಂದು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಮುದುಕ ಮುದುಕಿಯರು ಅಲ್ಲಿದ್ದರು. ಸಂಜೆಮಲ್ಲಿಗೆ ಅರಳಿದ ವಾಸನೆ ಬಂದದ್ದೇ ತಡ, "ಕಾಫಿ ಎಲ್ಲಮ್ಮ? ಹೊತ್ತಾಯ್ತು" ಎಂದು ಆಯಾಗಳನ್ನು ಕೂಗುತ್ತಿದ್ದರು. ಆಯಾಗಳು ನನ್ನ ಮೇಲೆ ಸಿಟ್ಟಾಗಿದ್ದರು.

ಇನ್ನು ಪದ್ಧತಿ ಬದಲಾದ ವಿಷಯ. ಮಣ್ಣಿನ ಬಟ್ಟಲು ಹೋಗಿ ಪ್ಲಾಸ್ಟಿಕ್ ಟ್ರೇ ಬಂತು. ಜರಡಿ ಮಣ್ಣು ಹೋಗಿ ತೆಂಗಿನ ನಾರಿನ ಪುಡಿ ಬಂತು. ಇವನ್ನು ನಾನು ದೂರುವುದಿಲ್ಲ. ನಾರಿನ ಪುಡಿ ಬಂದ ಮೇಲೆ ನನ್ನ ಸಸಿಗಳು ಕತ್ತು ಕೊಳೆತು ಸತ್ತದ್ದು ಬಹಳ ಕಡಿಮೆ; ಬೆನ್ನು ನೋವೂ ಅರ್ಧ ಇಳಿಯಿತು. ಆದರೆ ಅದರ ಹಿಂದೆಯೇ ಬಣ್ಣದ ಪೊಟ್ಟಣದ ಬೀಜವೂ ಬಂತು. ಪೊಟ್ಟಣದ ಬೀಜ ಎಂಬತ್ತು ಹಾಕಿದರೆ ಎಂಬತ್ತೂ ಮೊಳೆಯುತ್ತಿದ್ದವು. ಕಾಯಿ ಒಣಗಿಸಿ, ಬಟ್ಟೆಯಲ್ಲಿ ಸೋಸಿ, ಡಬ್ಬಿಗೆ ಹಾಕಿ ಇಡುವ ತಾಪತ್ರಯ ಇಲ್ಲ. ನಾನು ಎರಡು ವರ್ಷ ನಮ್ಮ ಹಳೆಯ ಬೀಜವನ್ನು ತೆಗೆದಿಡಲೇ ಇಲ್ಲ. ಯಾರೂ ಬೇಡ ಅನ್ನಲಿಲ್ಲ. ನನ್ನದೇ ಸೋಮಾರಿತನ.

ಮೊದಲ ವರ್ಷ ಕಣ್ಣಿನ ವಾರ್ಡಿಗೆ ಡಬ್ಬಿಯಲ್ಲಿದ್ದ ಹಳೆಯ ಬೀಜವೇ ಸಾಕಾಗಿತ್ತು. ಎರಡನೆಯ ವರ್ಷ ಸಂಜೆಮಲ್ಲಿಗೆಯನ್ನೂ ಬಿಟ್ಟು ಅಲ್ಲಿ ಪೂರ್ತಿ ಹೊಸ ಬೀಜದ ನಿಕೋಟಿಯಾನ ಅರಳಿತು. ಗಿಡ ಮೊಣಕಾಲೆತ್ತರ. ಕೆಂಪು, ಗುಲಾಬಿ, ತಿಳಿ ಹಸಿರು. ಹಗಲಲ್ಲೂ ಮುದುಡದ ಹೂವು. ಬಂದ ಡಾಕ್ಟರುಗಳೆಲ್ಲ ನಿಂತು ಫೋಟೋ ತೆಗೆದರು. ಒಂದು ಸಂಜೆ ವರಾಂಡದ ಬೆಂಚಿನ ಮೇಲೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಒಬ್ಬ ಅಜ್ಜ ನನ್ನ ಹೆಜ್ಜೆ ಸಪ್ಪಳ ಕೇಳಿ ಮಾತಾಡಿಸಿದರು. ಹೋದ ವರ್ಷ ಎಡಗಣ್ಣು ಮಾಡಿಸಿದ್ದರು, ಈ ವರ್ಷ ಬಲಗಣ್ಣು; ಕಣ್ಣು ಅಲುಗಾಡಬಾರದೆಂದು ಪಟ್ಟಿಯನ್ನು ಮಾತ್ರ ಎರಡಕ್ಕೂ ಕಟ್ಟಿದ್ದರು.

"ಯಾಕಮ್ಮ, ಈ ಸಲ ಗಿಡ ಹಾಕ್ಲಿಲ್ವಾ?"

ಅವರ ಕಾಲಿನಿಂದ ಎರಡಡಿ ದೂರದಲ್ಲಿ ಪಾತಿ ತುಂಬಾ ಹೂವು. ನಾನು ಬಗ್ಗಿ ಒಂದು ಹೂವನ್ನು ಮೂಸಿದೆ. ಇನ್ನೊಂದನ್ನು ಮೂಸಿದೆ. ಏನೂ ಇಲ್ಲ. ಒದ್ದೆ ಎಲೆಯ ವಾಸನೆ, ಅಷ್ಟೇ. ಇಡೀ ತಿಂಗಳು ಅದರ ಮುಂದೆ ಓಡಾಡಿ ನೀರು ಹಾಕಿದವಳಿಗೆ ಅದು ಗೊತ್ತಾಗಿರಲಿಲ್ಲ. ಕಣ್ಣಿಗೆ ಚೆನ್ನಾಗಿ ಕಂಡದ್ದರಿಂದ ನಾನು ಮೂಸಿ ನೋಡಿರಲೇ ಇಲ್ಲ.

"ತಪ್ಪಾಯ್ತು ತಾತ" ಎಂದೆ. "ಮುಂದಿನ ವರ್ಷ ಹಾಕ್ತೀನಿ."

"ನಂಗೆ ಇನ್ನೊಂದು ಕಣ್ಣಿಲ್ವಲ್ಲಮ್ಮ ಬರೋಕೆ" ಎಂದು ಅವರು ನಕ್ಕರು.

ಹಾಕುತ್ತೇನೆ ಎಂದೇನೋ ಅಂದೆ. ಬೀಜ ಎಲ್ಲಿ? ಡಬ್ಬಿಯ ತಳದಲ್ಲಿದ್ದ ಹಳೆಯ ಪುಡಿಯನ್ನು ಬಿತ್ತಿದೆ, ಒಂದೂ ಬರಲಿಲ್ಲ. ಲಾಲ್‌ಬಾಗಿನ ಕಡೆಯ ಅಂಗಡಿಗಳಲ್ಲಿ, ಶಿವಾಜಿನಗರದ ಬೀಜದ ಅಂಗಡಿಗಳಲ್ಲಿ ಕೇಳಿದೆ. ಎಲ್ಲ ಕಡೆಯೂ ಅದೇ ಬಣ್ಣದ ಪೊಟ್ಟಣ. ಒಂದು ದಿನ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯ ಹಿಂದೆ ಪೈಪು ಸರಿಮಾಡಿಸಲು ಹೋದಾಗ, ಚರಂಡಿಯ ಕಲ್ಲಿನ ಸಂದಿಯಲ್ಲಿ ಮೂರು ಗಿಡ ನಿಂತಿದ್ದವು. ಸೊಂಟದೆತ್ತರ, ಹಗಲಿಗೆ ಮುದುಡಿದ ಹೂವು. ಎಲೆ ಮುಟ್ಟಿದೆ, ನಿಕೋಟಿಯಾನದ ಅಂಟು. ನಮ್ಮ ಹಳೆಯ ಬಿಳಿಯದು. ಯಾವ ವರ್ಷವೋ ಗಾಳಿಗೆ ಹಾರಿ ಬಂದ ಬೀಜ, ಸೋಪಿನ ನೀರು ಕುಡಿದುಕೊಂಡು ತಾನೇ ಹುಟ್ಟಿ, ತಾನೇ ಉದುರಿ, ಮತ್ತೆ ಹುಟ್ಟಿತ್ತು. ಪೈಪಿನವರು ಅದನ್ನು ಕಿತ್ತುಹಾಕದ ಹಾಗೆ ಎರಡು ದಿನ ಅಲ್ಲೇ ಕಾವಲು ನಿಂತೆ. ಕಾಯಿ ಒಣಗಿದ ಮೇಲೆ ಕಾಗದದ ಲಕೋಟೆ ಕಟ್ಟಿ ಬೀಜ ತೆಗೆದೆ. ಒಂದು ಕಾಯಿಯಲ್ಲಿ ನೂರಾರು ಬೀಜ. ಆ ಡಿಸೆಂಬರಿನಲ್ಲಿ ಬಿತ್ತಿದೆ; ಸಂಕ್ರಾಂತಿ ಕಳೆಯುವ ಹೊತ್ತಿಗೆ ನನ್ನ ಹತ್ತಿರ ಕಣ್ಣಿನ ವಾರ್ಡಿಗೆ ಸಾಕಾಗಿ ಮಿಕ್ಕುವಷ್ಟು ಸಸಿ ಇದ್ದವು.

ಮಿಕ್ಕಿದ್ದನ್ನು ಏನು ಮಾಡುವುದು? ಮಹಡಿಯ ಹೆಂಗಸರ ವಾರ್ಡಿನ ಕಿಟಕಿಗಳ ಕೆಳಗೆ ಒಂದು ಉದ್ದ ಪಾತಿ ಖಾಲಿ ಇತ್ತು. ಅಲ್ಲಿ ನಲವತ್ತು ಗಿಡ ನೆಟ್ಟೆ. ಇಪ್ಪತ್ತೆಂಟು ವರ್ಷದ ಕೆಲಸದ ನಂತರ ನನ್ನ ಅತಿ ದೊಡ್ಡ ತಪ್ಪು ಅದು. ಆ ಗಿಡಗಳು ನನ್ನ ಕೈಯಲ್ಲಿ ಬಂದ ಅತಿ ಚೆನ್ನಾದ ಗಿಡಗಳೂ ಹೌದು.

ಮಾರ್ಚ್ ಕೊನೆಗೆ ಹೂವು ಬಿಟ್ಟವು. ಏಪ್ರಿಲ್ ಮೊದಲ ವಾರದಲ್ಲಿ ಆ ವಾರ್ಡಿನ ಕಿಟಕಿಗಳು ಸಂಜೆ ಮುಚ್ಚಿರುವುದನ್ನು ಗಮನಿಸಿದೆ. ಆ ಸೆಕೆಯಲ್ಲಿ! ಸೊಳ್ಳೆಗೆ ಹೆದರಿ ನರ್ಸುಗಳು ಮುಚ್ಚಿಸಿದ್ದಾರೆ, ಇಷ್ಟು ಚೆನ್ನಾದ ಘಮ ದಂಡವಾಯಿತಲ್ಲ ಎಂದು ಒಳಗೊಳಗೇ ಬೈದುಕೊಂಡೆ. ಒಂದು ದಿನ ಮೇಟ್ರನ್ ಫಿಲೋಮಿನಾ ಮೇಲಿನಿಂದಲೇ ಕರೆದರು. "ಸಾವಿತ್ರಿ, ಕೈ ತೊಳ್ಕೊಂಡು ಕೊಂಚ ಮೇಲೆ ಬಾ."

ವಾರ್ಡಿನೊಳಗೆ ಹೋದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಶಾಖ ಮುಖಕ್ಕೆ ಹೊಡೆಯಿತು. ಎಂಟು ಹಾಸಿಗೆ. ಆ ವಾರ್ಡನ್ನು ಆ ವರ್ಷದಿಂದ ಕ್ಯಾನ್ಸರಿನವರಿಗೆ ಕೊಟ್ಟಿದ್ದರು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬಗ್ಗೆ ಯೋಚಿಸಿರಲಿಲ್ಲ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ತಲೆಗೆ ದುಪಟ್ಟಾ ಬಿಗಿದುಕೊಂಡ ಒಬ್ಬ ಹೆಂಗಸು ಮಡಿಲಲ್ಲಿ ಸ್ಟೀಲಿನ ಬೋಗುಣಿ ಇಟ್ಟುಕೊಂಡು ಕೂತಿದ್ದಳು. ಹೆಸರು ಖಮರುನ್ನಿಸಾ. ಫ್ರೇಜರ್ ಟೌನಿನವಳು, ಶಾಲೆ ಯೂನಿಫಾರಂ ಹೊಲಿಯುವ ಕೆಲಸ. ವಯಸ್ಸು ನಲವತ್ತೈದು ಇರಬಹುದು.

"ಇವರೇನಾ ಹೂವಿನೋರು?" ಎಂದು ಮೇಟ್ರನ್‌ರನ್ನು ಕೇಳಿ, ನನ್ನ ಕಡೆ ತಿರುಗಿದಳು. "ಅಮ್ಮಾ, ನಿಮ್ಮ ಹೂವು ಭಾಳ ಚೆನ್ನಾಗೈತೆ. ಬಂದ ದಿನ ನಾನೇ ಹೇಳಿ ಕಿಟಕಿ ತೆಗೆಸಿದ್ದೆ. ಆಮೇಲೆ ಔಷಧಿ ಏರಿಸಿದ್ರು. ಈಗ ಆ ವಾಸ್ನೆ ಬಂದ್ರೆ ಕರುಳೇ ಬಾಯಿಗೆ ಬರ್ತದೆ. ಐದು ಗಂಟೆ ಆಗ್ತಾ ಇದೆ ಅಂದ್ರೆ ಸಾಕು, ಹೆದರಿಕೆ ಆಗ್ತದೆ."

ನಾನು ಆಗ ಆಡಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

"ಬೀಜದಿಂದ ಅಷ್ಟು ದೊಡ್ಡದು ಮಾಡೋಕೆ ಮೂರೂವರೆ ತಿಂಗ್ಳು ಆಯ್ತು ಕಣ್ರೀ" ಎಂದೆ.

"ಹೌದಾ? ಮಾಫ್ ಮಾಡಿ" ಎಂದಳು ಅವಳು. ನಿಜವಾಗಿ ತನ್ನದೇ ತಪ್ಪು ಎಂಬ ಹಾಗೆ. "ಇನ್ನು ನಾಲ್ಕು ಸಲ ಔಷಧಿ ಏರ್ಸೋದೈತೆ ನಂದು. ಮುಚ್ಕೊಂಡೇ ಇರ್ತೀನಿ ಬಿಡಿ."

ಮೆಟ್ಟಿಲಿಳಿದು ಬಂದು ಪಾತಿಯ ಕಲ್ಲಿನ ಮೇಲೆ ಕೂತೆ. ಮೇಟ್ರನ್ ಹಿಂದೆಯೇ ಬಂದರು. ಕಿತ್ತುಹಾಕು ಎಂದು ಅವರು ಹೇಳಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿ ಆಗುತ್ತಿತ್ತು. ಅವರು ಹೇಳಲಿಲ್ಲ. "ವಾಸನೆ ತಾನಾಗಿ ಒಳಗೆ ಬರ್ಬೇಕು ಅಂತ ಹೇಳಿದ್ದು ನಾನೇ ಅಲ್ವಾ" ಎಂದು ಮತ್ತೆ ಮೆಟ್ಟಿಲು ಹತ್ತಿ ಹೋದರು.

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಬಂದೆ. ಹೂವಿನ ಗಿಡವನ್ನು ತುಂಬಿದ ಹೂವಿನಲ್ಲಿ ಜಾಗ ಬದಲಿಸುವುದು ಯಾವ ತೋಟದವರೂ ಮಾಡುವ ಕೆಲಸವಲ್ಲ. ಮೊದಲು ಕತ್ತರಿ ಹಿಡಿದು ನಲವತ್ತೂ ಗಿಡದ ಹೂವಿನ ದಂಟು ಕತ್ತರಿಸಿದೆ; ಹಾಗೆ ಮಾಡದಿದ್ದರೆ ಬೇರು ಅಷ್ಟನ್ನು ಸಾಕಲಾರದು. ಆಮೇಲೆ ಮಣ್ಣಿನ ಗಡ್ಡೆಯೊಂದಿಗೆ ಒಂದೊಂದೇ ಅಗೆದು, ಬಟ್ಟೆ ಸಾಗಿಸುವ ತಳ್ಳುಗಾಡಿಯಲ್ಲಿ ಕಣ್ಣಿನ ವಾರ್ಡಿನ ಆ ಕಡೆಗೆ ಸಾಗಿಸಿದೆ. ಮಧ್ಯಾಹ್ನವಾಯಿತು. ಅರ್ಧ ಗಿಡ ಸತ್ತವು. ಉಳಿದರ್ಧ ತಿಂಗಳ ನಂತರ ಮತ್ತೆ ಹೂವು ಬಿಟ್ಟವು. ಆ ಲೆಕ್ಕ ಆಮೇಲಿನದು. ಆ ದಿನ ಸಂಜೆ ಐದಕ್ಕೆ ಖಾಲಿ ಪಾತಿಯ ಮುಂದೆ ನಿಂತು ಮೇಲೆ ನೋಡಿದೆ. ಒಂದು ಕಿಟಕಿ ತೆರೆಯಿತು. ಸ್ವಲ್ಪ ಹೊತ್ತಿಗೆ ಪಕ್ಕದ್ದು. ಆಮೇಲೆ ಎಲ್ಲವೂ. ಖಮರುನ್ನಿಸಾಳ ಮುಖ ಕಾಣಿಸಲಿಲ್ಲ, ಕೈ ಮಾತ್ರ ಕಾಣಿಸಿತು. ಕಿಟಕಿಯ ಸರಳಿನ ಮೇಲೆ ಕೈಯಿಟ್ಟು ಗಾಳಿಗೆ ಹಿಡಿದಿದ್ದಳು.

ಖಾಲಿ ಪಾತಿಗೆ ಏನು ಹಾಕಲಿ ಎಂದು ಈ ಸಲ ಆ ವಾರ್ಡಿನವರನ್ನೇ ಕೇಳಲು ಹೋದೆ. ಮಣ್ಣು, ಕುಂಡ ಒಳಗೆ ತರುವ ಹಾಗಿಲ್ಲ ಎಂದು ನರ್ಸುಗಳ ಕಟ್ಟುನಿಟ್ಟು. ಆ ರೋಗಿಗಳಿಗೆ ಸೋಂಕು ಬೇಗ ತಗಲುತ್ತದೆ. ನರ್ಸನ್ನು ಕೇಳಿ, ಚೆನ್ನಾಗಿ ತೊಳೆದ ಎಲೆಯೊಂದನ್ನು ಮುಚ್ಚಿದ ಡಬ್ಬಿಯಲ್ಲಿ ದಿನಕ್ಕೊಂದರಂತೆ ಒಯ್ದೆ. ಮರುಗ ತೋರಿಸಿದೆ, ಖಮರುನ್ನಿಸಾ ಬೇಡವೆಂದು ತಲೆಯಾಡಿಸಿದಳು. ದವನಕ್ಕೆ, "ದೂರ ಇಡಿ, ದೂರ ಇಡಿ" ಎಂದಳು. ಕಾಮಕಸ್ತೂರಿ ಎಲೆಯ ಡಬ್ಬಿ ತೆರೆದಾಗ ಮಾತ್ರ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಇದೇನು ಗಿಡ?"

"ಕಾಮಕಸ್ತೂರಿ. ಬೀಜಾನ ನೀವು ಶರಬತ್ತಿಗೆ ಹಾಕ್ತೀರಲ್ಲ."

"ಸಬ್ಜಾನಾ? ಅಯ್ಯೋ, ರಂಜಾನ್ ಬಂದ್ರೆ ದಿನಾ ನೆನೆಹಾಕ್ತೀನಿ. ಇದಕ್ಕೆ ಗಿಡ ಐತೆ ಅಂತ ಯೋಚ್ನೇನೇ ಮಾಡಿರ್ಲಿಲ್ಲ ನೋಡಿ."

ಅವಳು ಮೊದಲ ಸಲ ನಕ್ಕದ್ದು ಆಗ. ಕಾಮಕಸ್ತೂರಿಯನ್ನೇ ಬಿತ್ತಿದೆ. ಆದರೆ ಅದೇ ವಾರ್ಡಿನ ಇನ್ನೊಬ್ಬ ಹೆಂಗಸಿಗೆ ಆ ವಾಸನೆಯೂ ಆಗುತ್ತಿರಲಿಲ್ಲ; ಆದರೂ ಗಿಡ ಕೆಳಗೆ ಬೆಳೆದು ನಿಂತ ಮೇಲೂ ಅವಳು ಕಿಟಕಿ ಮುಚ್ಚಿಸಲಿಲ್ಲ. ಆಗ ನನಗೆ ಹೊಳೆದದ್ದು ಇದು: ಹೂವಿನ ಘಮ ಕರೆಯದೆಯೇ ಒಳಗೆ ಬರುತ್ತದೆ, ಎಲೆಯ ಘಮ ಮುಟ್ಟಿದರೆ ಮಾತ್ರ ಬರುತ್ತದೆ. ಕಾಯಿಲೆ ಜೋರಾಗಿರುವವರ ಕಿಟಕಿಯ ಕೆಳಗೆ ಎಲೆ ಘಮದ ಗಿಡ ಹಾಕಿ. ಹೂವಿನ ತೆನೆ ಬಂದಾಗ ಚಿವುಟಿ. ಬೇಕಾದವರು ಒಂದೆಲೆ ಕೇಳುತ್ತಾರೆ. ಇದನ್ನು ನನಗೆ ಕಲಿಸಿದ್ದು ಒಬ್ಬ ದರ್ಜಿ ಹೆಂಗಸು. ಅವಳನ್ನು ನೆನೆಯದೆ ನಾನು ಒಂದು ಬೇಸಿಗೆಯೂ ಕಳೆದಿಲ್ಲ. ಹೊಸಬರೇ, ನೆಡುವ ಮುಂಚೆ ಮೆಟ್ಟಿಲು ಹತ್ತಿ ಮೇಲೆ ಹೋಗಿ ಯಾರು ಮಲಗಿದ್ದಾರೆ ಎಂದು ನೋಡಿ ಬನ್ನಿ.

ಖಮರುನ್ನಿಸಾಳ ನಾಲ್ಕು ಸಲವೂ ಮುಗಿಯಿತು. ಮನೆಗೆ ಹೋದಳು. ಮೂರು ಮೂರು ತಿಂಗಳಿಗೆ ತೋರಿಸಲು ಬರುತ್ತಿದ್ದಳು. ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಬಂದವಳು ನನ್ನನ್ನು ಹುಡುಕಿಕೊಂಡು ಬಂದು, "ಆ ಹೂವು ಎಲ್ಲೈತೆ? ನೋಡ್ಬೇಕು" ಎಂದಳು. ಕಣ್ಣಿನ ವಾರ್ಡಿನ ಕಡೆ ಕರೆದುಕೊಂಡು ಹೋದೆ. ಇನ್ನೂ ಹತ್ತು ಹೆಜ್ಜೆ ಇರುವಾಗಲೇ ದುಪಟ್ಟಾ ಮೂಗಿಗೆ ಹಿಡಿದು ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. "ಇನ್ನೂ ಆಗಲ್ಲ ಅಮ್ಮಾ" ಎಂದು ತಿರುಗಿ ಬೇಗ ಬೇಗ ಹೋದಳು. ಅದರ ಮುಂದಿನ ವರ್ಷ ಇನ್ನೂ ಹತ್ತಿರ ಬಂದಳು. ಕೈಚೀಲವನ್ನು ಎದೆಗೆ ಒತ್ತಿಕೊಂಡು ಹತ್ತು ಎಣಿಸುವಷ್ಟು ಹೊತ್ತು ನಿಂತು, "ಸಾಕು ಇವತ್ತಿಗೆ" ಎಂದಳು. ಬಾಗಿಲ ತನಕ ಹೋಗಿ ಆಟೋ ಹತ್ತಿಸಿ ಬಂದೆ.

ಮೂರನೆಯ ವರ್ಷ, ನನ್ನ ಕೆಲಸದ ಕೊನೆಯ ಬೇಸಿಗೆಯಲ್ಲಿ, ಮತ್ತೆ ಬಂದಳು. ಕೂದಲು ಪೂರ್ತಿ ಬಂದಿತ್ತು, ಸ್ವಲ್ಪ ಗುಂಗುರು. ಡಾಕ್ಟರು ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು ಎಂದಿದ್ದರಂತೆ. ಐದೂವರೆ ಆಗಿತ್ತು. ಹೂವು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಅವಳು ನೇರ ಪಾತಿಯ ಹತ್ತಿರ ಹೋಗಿ, ಬಗ್ಗಿ, ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡಳು. ಅವಳು ಇನ್ನೊಂದು ಸಲ ಎಳೆದುಕೊಂಡಳು.

"ಚೆನ್ನಾಗೈತೆ" ಎಂದಳು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. "ಒಂದು ಹೂವು ಕಿತ್ಕೊಳ್ಲಾ? ಮನೇಲಿ ಮಗಳಿಗೆ ತೋರಿಸ್ತೀನಿ."

"ಕಿತ್ಕೊಳ್ಳಿ. ಆದ್ರೆ ಇದು ಬಸ್ ಸ್ಟಾಪ್ ತಲುಪೋದ್ರೊಳಗೆ ಬಾಡೋಗುತ್ತೆ."

ಖಮರುನ್ನಿಸಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬೆಂಚಿನ ಮೇಲಿನ ಧೂಳನ್ನು ದುಪಟ್ಟಾದ ತುದಿಯಿಂದ ಕೊಡವಿದಳು.

"ಹಂಗಾದ್ರೆ ಇಲ್ಲೇ ಕೂತ್ಕೊಂತೀನಿ ಬಿಡಿ" ಎಂದು ಕೂತಳು.